ಕೋಲಕ್ಕನ ಕೋಲಿಗೆ ಬಿದ್ದ ಹೊಲಿಗೆ

ನಮ್ಮ ಗಲ್ಲೀಲಿ ಕೋಲಕ್ಕ ಅಂದ್ರೆ ಯಾವ ಕೋಲಕ್ಕ ಅಂತ ಯಾರೂ ಕೇಳಲ್ಲ. ಪೋಲ್ ವಾಲ್ಟ್ ಮಾಡೋ ಹುಡ್ಗೀರು ಇಡೀ ಊರಿಗೆ ಇಬ್ರೇ, ಅದ್ರಲ್ಲಿ ಒಬ್ಳು ನಮ್ಮೋಳು. ಬೆಳಗ್ಗೆ ಗ್ರೌಂಡು, ಆಮೇಲೆ ಪಾರ್ಸೆಲ್ ಗೋಡೌನಲ್ಲಿ ಡಬ್ಬಗಳಿಗೆ ಟೇಪ್ ಸುತ್ತೋ ಕೆಲ್ಸ, ಸಂಜೆ ಮತ್ತೆ ಗ್ರೌಂಡು. ಅವ್ಳು ಓಡ್ಬಂದು ಕೋಲು ಊರಿ, ತಲೆಕೆಳಗಾಗಿ ಮೇಲೆದ್ದು ಪಟ್ಟಿ ದಾಟೋದನ್ನ ಒಂದ್ಸಲ ನೋಡ್ಬಿಟ್ರೆ ಬೇರೆ ಆಟ ಎಲ್ಲ ಸಪ್ಪೆ. ನಾನಂತೂ ಅವ್ಳ ಪ್ರಾಕ್ಟೀಸ್ ಬಿಟ್ಟಿದ್ದೇ ಇಲ್ಲ.

ಅವ್ಳನ್ನ ಸಾಕಿದ್ದು ಸೋದರಮಾವ. ಗಲ್ಲಿಗೆಲ್ಲ ಟೈಲರ್ ಮಾವ. ಮುಂದೆ ತಗಡಿನ ಶೀಟಿನ ಅಂಗಡಿ, ಹಿಂದೆ ಒಂದೇ ರೂಮು. ಕೋಲು ರೂಮಿಗಿಂತ ಉದ್ದ, ಅದಕ್ಕೇ ಹೊರಗೆ ಸೂರಿನ ಕೆಳಗೆ ಕೊಕ್ಕೆಗೆ ನೇತಾಕಿರ್ತಾರೆ. ಅದಕ್ಕೆ ಚೀಲ ಹೊಲಿದುಕೊಟ್ಟೋನೂ ಮಾವನೇ. ಹೊಲಿಗೆ ಅಂದ್ರೆ ಅವ್ನಿಗೆ ಪ್ರಾಣ, ಅನುಮಾನ ಅಂದ್ರೆ ಅದಕ್ಕಿಂತ ಒಂದು ಗೇಣು ಜಾಸ್ತಿ. ಬಟ್ಟೆ ಚೆನ್ನಾಗಿ ಬಂದಿದೆ ಅಂತ ಗಿರಾಕಿ ಹೇಳಿದ್ರೆ, ಇವ್ನು ಯಾಕಪ್ಪಾ ಹೊಗಳ್ತಾವ್ನೆ ಅಂತ ಟೇಪು ತಗೊಂಡು ಅಳತೆ ಮತ್ತೆ ನೋಡೋ ಮನುಷ್ಯ.

ಈ ಬೇಸಿಗೇಲಿ ಕೋಲಕ್ಕನ ಕ್ಲಬ್ಬಿನ ಆಟಗಾರ್ರೂ ಒಂದಷ್ಟು ಸ್ವಯಂಸೇವಕರೂ ಸೇರಿ ಒಂದು ಕೆಲ್ಸಕ್ಕೆ ಕೈ ಹಾಕಿದ್ರು. ಭೂಮಿ ಬಿಸಿಯಾಗ್ತಿದೆ ಅಂತ ಭಾಷಣ ಬಿಗಿದ್ರೆ ಯಾರು ನಿಂತು ಕೇಳ್ತಾರೆ? ಅದಕ್ಕೆ ಸರ್ಕಲ್ಲಲ್ಲಿ ಎರಡು ತಗಡು ಇಟ್ರು. ಒಂದಕ್ಕೆ ಸುಣ್ಣ, ಇನ್ನೊಂದು ಹಂಗೇ. ಹೋಗೋರು ಬರೋರನ್ನೆಲ್ಲ ಕರೆದು ಕೆಳಗೆ ಕೈ ಹಿಡಿಸೋದು. ಬಿಳೀದು ಬಿಸಿಲನ್ನ ವಾಪಸ್ ಕಳ್ಸುತ್ತೆ, ಮನೆ ತಣ್ಣಗಿದ್ರೆ ಕರೆಂಟು ಕಮ್ಮಿ ಸಾಕು, ಕರೆಂಟು ಕಮ್ಮಿಯಾದ್ರೆ ಕಲ್ಲಿದ್ದಲು ಸುಡೋದೂ ಕಮ್ಮಿ, ಅಂತ ಕೋಲಕ್ಕ ಜರ್ಸಿಲೇ ನಿಂತು ಹೇಳ್ತಿದ್ಲು. ಒಪ್ಪಿದೋರ ಮನೆಗೆ ಹೋಗಿ ಪುಕ್ಕಟೆ ಬಳಿದೂ ಕೊಡ್ತಿದ್ರು. ತಗಡಿನ ಮೇಲೆ ಕಾಲಿಟ್ರೆ ತಗ್ಗುತ್ತೆ ನೋಡಿ, ಅದಕ್ಕೆ ಅಕ್ಕ ತನ್ನ ರಿಟೈರಾದ ಹಳೇ ಕೋಲಿಗೆ ಬ್ರಷ್ ಕಟ್ಟಿ, ಗೋಡೆ ಮೇಲೆ ನಿಂತೇ ಇಡೀ ಸೂರು ಬಳೀತಿದ್ಲು. ಜಿಗಿಯೋ ಒಳ್ಳೇ ಕೋಲು ಮಾತ್ರ ಚೀಲದಲ್ಲಿ ಭದ್ರ.

ಗಲ್ಲಿ ನಂಬ್ತಾ? ಎಲ್ಲಿ ನಂಬುತ್ತೆ. ಯಾವನೋ ಪುಕ್ಕಟೆ ಸುಣ್ಣ ಕೊಡ್ತಾನೆ ಅಂದ್ರೆ ಹಿಂದೆ ಏನೋ ಇರಲೇಬೇಕು ಅಂದ್ರು. ಮೇಲಿಂದ ಫೋಟೋ ತೆಗೆದು ಬಿಳೀ ಮನೇನೆಲ್ಲ ಕೆಡವ್ತಾರಂತೆ ಅಂದ ಒಬ್ಬ. ಇಸ್ತ್ರಿ ಅಜ್ಜಿ ಒಬ್ಳೇ, ಕೆಂಡದ ಪೆಟ್ಟಿಗೆ ಮುಂದೆ ದಿನಾ ಬೇಯೋಳಿಗೆ ಕೆಡವಿದ್ರೆ ಕೆಡವ್ಲಿ ಬಿಡಿ ಗಾಳಿಯಾದ್ರೂ ಬರುತ್ತೆ ಅಂತ ಬಳಿಸ್ಕೊಂಡ್ಲು. ಎಲ್ಲರಿಗಿಂತ ಗಟ್ಟಿ ನಿಂತೋನು ನಮ್ಮ ಟೈಲರ್ ಮಾವ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ, ಸ್ವಂತ ಸೊಸೆ ಬ್ರಷ್ ಹಿಡ್ಕೊಂಡು ಬಾಗಿಲಲ್ಲಿ ನಿಂತ್ರೂ ಸೂರು ಮುಟ್ಟಕ್ಕೆ ಬಿಡ್ಲಿಲ್ಲ.

ಅವ್ನ ಕಣ್ಣೆಲ್ಲ ಅಕ್ಕನ ಕ್ಲಬ್ಬಿನ ಕೋಚ್ ಮೇಲೆ. ಭಾನುವಾರ ತಂಡದ ಆಯ್ಕೆ ಇತ್ತು, ಒಬ್ರಿಗೇ ಜಾಗ. ಕೋಲಕ್ಕನಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೇ ಅವಕಾಶ. ಅದಕ್ಕೇ ಕೋಚ್ ಬಂದಾಗೆಲ್ಲ ಅಕ್ಕನ್ನ ಪಕ್ಕಕ್ಕೆ ಕರೆದು, ಕೋಲು ಜೋಪಾನ, ಯಾರ ಕೈಗೂ ಕೊಡ್ಬೇಡ ಅಂತ ಮೆಲ್ಲಗೆ ಹೇಳ್ತಿದ್ದ. ಮಾವ ಕತ್ತರಿ ನಿಲ್ಸಿ ಕಿವಿಗೊಡ್ತಿದ್ದ. ಒಂದಿನ ಕೋಲಿಗೆ ಬೆರಳಲ್ಲಿ ಟಕ್ ಟಕ್ ಅಂತ ಬಡಿದು, ಟೊಳ್ಳು ಕೋಲಿಗೆ ಇಷ್ಟ್ಯಾಕೆ ಕಾವಲು ಅಂತ ನನ್ನನ್ನೇ ಕೇಳಿದ.

ಶನಿವಾರ ಬೆಳಗ್ಗೆ ಕೊನೇ ಪ್ರಾಕ್ಟೀಸ್. ಅಕ್ಕ ಕೋಲೆತ್ತಿ ಓಡೋಕೆ ಶುರು ಮಾಡಿದೋಳು ಸಡನ್ನಾಗಿ ನಿಂತ್ಲು. ಹಿಡಿ ಇರೋ ಕಡೆ ಬಟ್ಟೆ ಟೇಪ್ ಸುತ್ತಿರ್ತಾರಲ್ಲ, ಅಲ್ಲಿ ಅಂಗೈಗೆ ಏನೋ ಚುಚ್ಚಿತ್ತು. ನೋಡಿದ್ರೆ ಟೇಪು ಉಲ್ಟಾ ಸುತ್ತಿದೆ. ದಿನವಿಡೀ ಟೇಪ್ ಸುತ್ತೋಳಿಗೆ ತನ್ನ ಕೈ ಗೊತ್ತಿರಲ್ವಾ? ಬಿಚ್ಚಿದ್ಲು. ಕೆಳಗೆ ಕೋಲಿನ ಮೇಲೆ ಬ್ಲೇಡಿನ ಗೀರು. ಕೋಚ್ ಮುಖ ಸುಣ್ಣ ಆಯ್ತು. ಗೀರು ಬಿದ್ದ ಕೋಲು ಬಗ್ಗಿದಾಗ ಮುರಿದ್ರೆ ಆಳೇ ಉಳಿಯಲ್ಲ, ಇದನ್ನ ಇನ್ನು ಮುಟ್ಬೇಡ ಅಂದ.

ಯಾರು ಮಾಡಿದ್ದು? ಎಲ್ಲರ ಕಣ್ಣೂ ಹೋಗಿದ್ದು ಗಿಡ್ಡಿ ಮೇಲೆ. ಊರಿನ ಇನ್ನೊಬ್ಳು ಪೋಲ್ ವಾಲ್ಟಿನೋಳು ಅವ್ಳೇ, ಸುಣ್ಣದ ಕೆಲ್ಸಕ್ಕೂ ಬರ್ತಿದ್ಲು, ಹಿಂದಿನ ದಿನ ಬಕೆಟ್ ತಗೊಳ್ಳೋಕೆ ಸೂರಿನ ಹತ್ರಾನೂ ಹೋಗಿದ್ಲು. ನನಗಂತೂ ಡೌಟೇ ಇರ್ಲಿಲ್ಲ. ಅಕ್ಕ ಒಂದು ಮಾತೂ ಕೇಳ್ಲಿಲ್ಲ, ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಅಂದು ಬೆನ್ನು ತಿರುಗಿಸಿದ್ಲು.

ಬೆಂಚ್ ಮೇಲೆ ಕೂತು ಅಕ್ಕ ಆ ಟೇಪನ್ನ ತಿರುಗಿಸಿ ತಿರುಗಿಸಿ ನೋಡಿದ್ಲು. ಚುಚ್ಚಿದ್ದು ದಾರ. ಟೇಪಿನ ತುದಿ ಏಳದ ಹಂಗೆ ಯಾರೋ ಸಣ್ಣಕೆ ಹೊಲಿದಿದ್ರು, ಕೊನೇಲಿ ಜೋಡಿ ಗಂಟು ಹಾಕಿ ದಾರ ಒಳಗೆ ಮುಚ್ಚಿದ್ರು. ಆಮೇಲೆ ತನ್ನ ಜರ್ಸಿ ತೋಳು ಮಡಚಿ ಒಳಗಡೆ ಅಂಚು ನೋಡಿದ್ಲು. ಅದೇ ಜೋಡಿ ಗಂಟು. ಸೀದಾ ಎದ್ದು ಮನೆ ಕಡೆ ನಡೆದ್ಲು. ನಾನೂ ಹಿಂದೇನೇ.

ಅಂಗಡಿ ಒಳಗೆ ಕಾದ ಬಾಣಲೆ ಥರ ಬಿಸಿ. ಮಾವ ಕುತ್ತಿಗೆಗೆ ಒದ್ದೆ ಟವೆಲ್ ಹಾಕ್ಕೊಂಡು ಮಷಿನ್ ತುಳೀತಿದ್ದ. ಅಕ್ಕ ಟೇಪನ್ನ ಅವ್ನ ಮುಂದಿಟ್ಲು.

"ಮಾವ, ಇದು ಯಾರ ಕೈ?"

"ದಾರದ ಮೇಲೆ ಹೆಸ್ರು ಬರೆದಿರುತ್ತೇನೇ?"

"ಗಂಟಲ್ಲಿದೆ."

ಮಷಿನ್ ನಿಲ್ತು. ಮಾವ ಟವೆಲಲ್ಲಿ ಮುಖ ಒರೆಸ್ಕೊಂಡ, ಒರೆಸಿದ ಜಾಗಾನೇ ಮತ್ತೆ ಒರೆಸ್ಕೊಂಡ.

"ಆ ಮನುಷ್ಯ ನಿನ್ನ ಕಿವೀಲಿ ಪಿಸುಪಿಸು ಅಂತಿದ್ದ. ಕೋಲೊಳಗೆ ಏನಾದ್ರೂ ಇಟ್ಟು ನಿನ್ನ ಕೈಲಿ ಸಾಗಿಸ್ತಾವ್ನೇನೋ ಅಂತ ಬ್ಲೇಡಲ್ಲಿ ಟೇಪ್ ಎಬ್ಬಿಸಿ, ತುದಿ ಬಿಚ್ಚಿ ನೋಡ್ದೆ."

"ಏನಿತ್ತು?"

"ಏನೂ ಇಲ್ಲ. ಗಾಳಿ."

"ನನ್ನನ್ನೇ ಕೇಳ್ಬಹುದಿತ್ತಲ್ಲ ಮಾವ."

"ಕೇಳೋಕೆ ಭಯ ಆಯ್ತು ಪುಟ್ಟಿ."

ಬೆಳಗ್ಗೆ ಗಿಡ್ಡಿನ ಅಕ್ಕಾನೂ ಕೇಳಿರ್ಲಿಲ್ಲ. ಟೇಪಿನ ತುದಿ ತೋರ್ಸಿ, ಬಿಚ್ಚಿದ್ದೇನೋ ಬಿಚ್ಚಿದ್ದಾಯ್ತು, ಹೊಲಿದಿದ್ದು ಯಾಕೆ ಅಂದ್ಲು.

"ಅಂಚು ಹಂಗೇ ಬಿಟ್ಟು ಹೋಗೋಕಾಗುತ್ತೇನೇ?" ಅಂದ ಮಾವ, ಇದೆಂಥ ಪ್ರಶ್ನೆ ಅನ್ನೋ ಹಂಗೆ.

ಆ ಹೊಲಿಗೆ ಕೈಗೆ ಸಿಕ್ಕಿರದಿದ್ರೆ ಅಕ್ಕ ಅದೇ ಕೋಲಲ್ಲಿ ಜಿಗೀತಿದ್ಲು.

ಭಾನುವಾರ ಕ್ಲಬ್ಬಿನ ಮೂಲೇಲಿದ್ದ ಒಂದು ಗಟ್ಟಿ ಕೋಲು ಸಿಕ್ತು, ಅಕ್ಕನ ತೂಕಕ್ಕೆ ಬಗ್ಗಲೇ ಇಲ್ಲ, ಬಗ್ಗದ ಕೋಲು ಮೇಲಕ್ಕೆ ಚಿಮ್ಮಿಸಲ್ಲ. ಎಲ್ಲಾ ಸಲಾನೂ ಪಟ್ಟಿ ಬಿತ್ತು. ಜಾಗ ಗಿಡ್ಡಿಗೆ ಹೋಯ್ತು. ಓಡೋಕೆ ಮುಂಚೆ ಅಕ್ಕ ಅವ್ಳ ಹತ್ರ ಹೋಗಿ ತಪ್ಪಾಯ್ತು ಅಂದಿದ್ಲು. ಗಿಡ್ಡಿ ಮೂತಿ ಊದಿಸ್ಕೊಂಡೇ, "ನಾನೇ ಅಂದ್ಕೊಂಡ್ಯಲ್ಲ ಹೋಗ್ಲಿ ಬಿಡು, ನನಗೆ ಅಂಗಿ ಗುಂಡಿ ಹೊಲಿಯೋಕೂ ಬರಲ್ಲ ಕಣೇ" ಅಂದ್ಲು. ಮಾವ ಅವತ್ತು ಅಂಗಡಿ ಮುಚ್ಚಿ ಮೊದಲ್ನೇ ಸಲ ಗ್ರೌಂಡಿಗೆ ಬಂದಿದ್ದ. ಪಟ್ಟಿ ಬಿದ್ದಾಗೆಲ್ಲ ಕೋಚ್ ಮುಖ ನೋಡ್ತಿದ್ದ. ಕೋಚ್ ಕಣ್ಣಲ್ಲಿ ನೀರು ಕಂಡ ಮೇಲೆ ನೆಲ ನೋಡ್ಕೊಂಡು ಕೂತ.

ಮನೆಗೆ ಬಂದೋನು ಗೀರು ಬಿದ್ದ ಕೋಲನ್ನ ತಾನೇ ಕೊಕ್ಕೆಯಿಂದ ಇಳಿಸಿದ. ತುದಿಗೆ ಬ್ರಷ್ ಇಟ್ಟು, ಬಟ್ಟೆ ಸುತ್ತಿ, ಬಿಗಿಯಾಗಿ ಹೊಲಿದು, ಜೋಡಿ ಗಂಟು ಹಾಕಿ ಅಕ್ಕನ ಕೈಗೆ ಕೊಟ್ಟ.

"ಬಳಿ. ಅರ್ಧ ಸೂರು ಮಾತ್ರ. ಇನ್ನರ್ಧ ನೋಡ್ಕೊಂಡು."

ಅಕ್ಕ ನಗ್ಲಿಲ್ಲ. ಗೋಡೆ ಹತ್ತಿ ಸರಿಯಾಗಿ ಅರ್ಧಕ್ಕೆ ಗೆರೆ ಎಳೆದು ಬಳಿದ್ಲು.

ಮಾರನೇ ದಿನ ಮಾವ ಹಠಕ್ಕೆ ಬಳೀದಿರೋ ಕಡೇನೇ ಮಷಿನ್ ಇಟ್ಕೊಂಡು ತುಳಿದ. ಅದರ ಮಾರನೇ ದಿನ ನಾನು ಹೋದಾಗ ಮಷಿನ್ ಬಿಳೀ ಸೂರಿನ ಕೆಳಗೆ ಬಂದಿತ್ತು. ಕುತ್ತಿಗೇಲಿ ಟವೆಲ್ ಇರ್ಲಿಲ್ಲ. ಯಾಕ್ ಮಾವ ಜಾಗ ಬದಲಾಯಿಸಿದ್ರಿ ಅಂದೆ. ಈ ಕಡೆ ಬೆಳಕು ಚೆನ್ನಾಗಿದೆ ಅಂದ. ಆಮೇಲೆ ಸೂಜಿಗೆ ದಾರ ಪೋಣಿಸ್ತಾ, ಒಂದ್ಸಲ ಮೇಲೆ ಸೂರು ನೋಡಿ, ಒಂದ್ಸಲ ನನ್ನನ್ನ ನೋಡಿ, "ಅಲ್ವೋ, ಈ ಸುಣ್ಣ ಅವ್ರಿಗೆ ಎಲ್ಲಿಂದ ಬರುತ್ತೆ?" ಅಂದ.