ಪೇಟಿ ಮಾಸ್ತರರ ಎಡಗೈ

ಶಿವಪ್ಪ ಮಾಸ್ತರರ ಎಡಗೈ ಸುಮ್ಮನಿದ್ದದ್ದನ್ನು ನಾನಂತೂ ಕಂಡಿಲ್ಲ. ಊಟಕ್ಕೆ ಕುಂತರೂ, ನಮ್ಮಪ್ಪನ ಜೊತೆ ಮಾತಿಗೆ ನಿಂತರೂ ಅದು ತನ್ನಷ್ಟಕ್ಕೆ ಗಾಳಿ ಹಾಕುತ್ತಲೇ ಇರುತ್ತಿತ್ತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ಮಸ್ಕಿಯ ಭಜನೆಗಳಲ್ಲಿ ಜೀವಮಾನವಿಡೀ ಆ ಪೇಟಿ ಬಾರಿಸಿದ ಮನುಷ್ಯ. ಬಲಗೈ ಹಾಡಿಗೆ, ಎಡಗೈ ಗಾಳಿಗೆ. ಅಷ್ಟೇ ಅವರ ವಿದ್ಯೆ, ಆದರೆ ಆ ಬಲಗೈ ಏನು ಬಲಗೈ ಅಂತೀರಿ!

ನಾವಿದ್ದದ್ದು ಲಿಂಗಸುಗೂರಿನಲ್ಲಿ. ಅಪ್ಪ ವಕೀಲರು, ಕಚೇರಿಯಲ್ಲಿ ನಿಜಾಮರ ಉರ್ದು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಊರು ಬಿಟ್ಟು ಹೊರಟ ಇಂಗ್ಲಿಷ್ ಸಾಹೇಬನೊಬ್ಬನ ಸಾಮಾನು ಹರಾಜಾದಾಗ ಕುರ್ಚಿ ತರಲು ಹೋಗಿ ಪಿಯಾನೊ ತಂದರು. "ಮಗಳು ಕಲೀತಾಳ" ಎಂದರು. ಕಲಿಸುವವರು? ಸಂತೆಯ ಬಂಡಿಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಈ ಪೇಟಿ ಮಾಸ್ತರರನ್ನು ಬಿಟ್ಟರೆ ಗತಿಯಿರಲಿಲ್ಲ.

ಮೊದಲ ದಿನ ಮಾಸ್ತರರು ಪಿಯಾನೊ ಸುತ್ತ ತಿರುಗಿ, ಹಿಂದೆ ಬಗ್ಗಿ, ಕೆಳಗೆ ಇಣುಕಿ ನೋಡಿದರು.

"ಎಲ್ಲಾ ಛಲೋ ಐತ್ರಿ ವಕೀಲರ. ಗಾಳಿ ಎಲ್ಲಿಂದ ಹಾಕಬೇಕ್ರಿ?"

"ಇದಕ್ಕ ಗಾಳಿ ಬೇಕಿಲ್ಲ ಮಾಸ್ತರ."

"ಗಾಳಿ ಇಲ್ಲದ ಯಾವ್ದು ಬದುಕತೈತ್ರಿ?" ಎಂದು ಅನುಮಾನದಿಂದಲೇ ಕುಂತರು.

ಕಲಿಸಿದ್ದೆಲ್ಲ ನನ್ನ ಬಲಗೈಗೆ. ಎಡಗೈ ಏನು ಮಾಡಲಿ ಎಂದರೆ, "ಅದಕ್ಕ ಇಲ್ಲಿ ನೌಕರಿ ಇಲ್ಲ ತಂಗಿ" ಎನ್ನುತ್ತಿದ್ದರು. ಪಾಠಕ್ಕೆ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಅವ್ವ ಬಿಡುವ ಪೈಕಿಯಲ್ಲ. ಖಾಲಿ ಕೈ ಕಂಡದ್ದೇ ತಮ್ಮನ ತೊಟ್ಟಿಲ ಹಗ್ಗ ಅದಕ್ಕೆ ಕೊಟ್ಟಳು. "ಅದೂ ದುಡೀಲಿ!" ಮಾಸ್ತರರಿಗೆ ಪರಮಾನಂದ. "ತೊಟ್ಟಲದ ತಾಳ ತಪ್ಪಂಗಿಲ್ಲ ನೋಡ್ರಿ. ತಪ್ಪಿದ್ರ ಕೂಸು ಒದರತೈತಿ."

ನನಗೆ ಹನ್ನೆರಡು ತುಂಬುತ್ತಲೇ ಅಜ್ಜಿಯ ಹುಕುಂ ಆಯಿತು. "ದೊಡ್ಡಾಕಿ ಆಗ್ಯಾಳ. ಇನ್ನ ಗಂಡಸು ಮಾಸ್ತರ ಒಳಗ ಬರೂದು ಬ್ಯಾಡ." ಆ ದಿನ ನಾನು ಉಣ್ಣಲಿಲ್ಲ. ಅವ್ವ ತನ್ನ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. "ಒಳಗ ಬರಬಾರದು, ಅಷ್ಟ ಹೌದಲ್ರಿ ಅತ್ತಿ? ಬರಂಗಿಲ್ಲ ಬಿಡ್ರಿ."

ಮುಂದಿನ ವಾರದಿಂದ ಮಾಸ್ತರರು ಕಿಟಕಿಯ ಹೊರಗೆ, ತಲೆಗೆ ಟವೆಲ್ ಸುತ್ತಿಕೊಂಡು, ಸುಡುವ ಕಟ್ಟೆಯ ಮೇಲೆ. ಪಿಯಾನೊದ ಕೀಗಳಿಗೂ ಪೇಟಿಯ ಹಾಗೇ 'ಮನಿ' ಅನ್ನುತ್ತ ಅಲ್ಲಿಂದಲೇ ಗದರುತ್ತಿದ್ದರು. "ಕರೇ ಮನಿ ಯಾಕ ಒತ್ತಿದಿ? ಬಿಳೇದು ಏನ್ ತಪ್ಪು ಮಾಡೈತಿ?" ಹೊಸ್ತಿಲ ಬಳಿ ಬಡಿಗೆ ಹಿಡಿದು ಅಜ್ಜಿಯ ಕಾವಲು. "ಒಂದ್ ಹೆಜ್ಜಿ ಒಳಗಿಟ್ರ ಪಾಠ ಬಂದ್!"

ಅಷ್ಟರಲ್ಲಿ ತಮ್ಮ ತೊಟ್ಟಿಲು ಬಿಟ್ಟ, ನನ್ನ ಎಡಗೈ ಕೆಲಸ ಕಳಕೊಂಡಿತು. "ಅದನ್ನೂ ಮನಿ ಮ್ಯಾಲ ಇಟ್ಟು ನೋಡ ಬೇ" ಎಂದಳು ಅವ್ವ. ಇಟ್ಟೆ. ಬಲಗೈ ಹಾಡು ನುಡಿಸಿದರೆ ಎಡಗೈ ಕೆಳಗಿನ ಷಡ್ಜ ಹಿಡಿಯಿತು, ಆಮೇಲೆ ಪಂಚಮ, ಬರಬರುತ್ತ ಹಾಡಿನ ಜೊತೆಗೇ ನಡೆಯತೊಡಗಿತು.

ಸಂತೆಯ ದಿನ ಹಾಗೇ ನುಡಿಸಿದೆ. ಹೊರಗಿನಿಂದ ಬೈಗುಳದ ಬದಲು ಮಾಸ್ತರರ ಪ್ರಶ್ನೆ: "ಒಳಗ ಇನ್ನೊಬ್ರು ಯಾರ್ರಿ?"

"ಯಾರಿಲ್ರಿ, ಆಕೀನ" ಎಂದಳು ಅವ್ವ.

ಮಾಸ್ತರರು ಚಪ್ಪಲಿ ಸಮೇತ ಒಳಗೆ ಓಡಿಬಂದರು! ಅಜ್ಜಿ ಬಡಿಗೆ ಎತ್ತಿದಳು. ಮುಗೀತು ನನ್ನ ಪಾಠ.

"ಬೈರಿ ಯಮ್ಮಾ, ಬೇಕಾದ್ರ ಹೊಡೀರಿ" ಎಂದು ಕೈಮುಗಿದರು. "ಆಕಿ ಮುಗಸೂತನಕ ತಡೀರಿ."

ಎತ್ತಿದ ಬಡಿಗೆ ಎತ್ತಿದಂಗೇ ಅಜ್ಜಿ ಕೇಳಿಸಿಕೊಂಡಳು. ಮುಗಿದ ಮೇಲೆ ಬೈಯುವುದನ್ನೇನೂ ಬಿಡಲಿಲ್ಲ, ಮನಸಾರೆ ಬೈದಳು. ಕೊನೆಗೆ, "ಮುಂದಿನ ವಾರ ಬಿಸಲಾಗ ಕುಂದ್ರಬ್ಯಾಡ, ಒಳಗ ಬಾ" ಎಂದಳು.

ನನಗೆ ಕುಣಿಯುವಷ್ಟು ಖುಷಿ. ಮಾಸ್ತರರು ಮಾತ್ರ ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

"ಬಂದು ಏನ್ ಕಲಸಲಿರಿ ಯಮ್ಮಾ? ನನ್ನ ಹತ್ರ ಇದ್ದದ್ದು ಅರ್ಧಾನ. ಆಕಿ ಪೂರಾ ಮಾಡ್ಯಾಳ."

ಮಾತಿಗೆ ಹೇಳಿದ್ದು, ಬಂದೇ ಬರುತ್ತಾರೆ ಅಂದುಕೊಂಡೆವು. ಮುಂದಿನ ಸಂತೆಗೆ ಅಜ್ಜಿ ಬೆಳಿಗ್ಗೆಯಿಂದ ಬಾಗಿಲು ತೆರೆದಿಟ್ಟುಕೊಂಡು ಕುಂತಳು. ಮಸ್ಕಿಯ ಬಂಡಿಗಳೆಲ್ಲ ಬಂದವು, ಮಾಸ್ತರರು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಆ ದಿನ ನಾನು ಪಿಯಾನೊ ಮುಟ್ಟದೆ ಅಳುತ್ತಿದ್ದೆ. ಹೊತ್ತು ಇಳಿದ ಮೇಲೆ ಅಜ್ಜಿ ಎದ್ದು ಬಂದು ಪಕ್ಕದಲ್ಲಿ ಕುಂತಳು.

"ಬಾರಸು ಬೇ. ತಪ್ಪಿದ್ರ ನಾ ಬೈತೀನಿ."