ವಾಣಿಶ್ರೀ ಬೀಳ್ಕೊಟ್ಟ ರೀತಿ

ಹುಣಸೂರಿನ ಜೈಲಿನಲ್ಲೊಂದು ಕಟ್ಟುಪಾಡಿತ್ತು. ಬಿಡುಗಡೆಯಾದವನು "ಬತ್ತೀನಿ" ಎನ್ನಬಾರದು, ಕಳಿಸುವವರು "ಹೋಗಿ ಬಾ" ಎನ್ನಬಾರದು. ಹಾಗೆ ಅಂದುಬಿಟ್ಟರೆ ಅವನು ಮತ್ತೆ ಜೈಲಿಗೇ ಬರುತ್ತಾನೆಂಬ ನಂಬಿಕೆ. ಕೈದಿಗಳಿಗೆ ಬುದ್ಧಿ ಹೇಳಲು ಗುರುವಾರ ಬರುತ್ತಿದ್ದ ಕೌನ್ಸೆಲರ್ ವಾಣಿಶ್ರೀಗೂ ಇದು ಗೊತ್ತಿತ್ತು.

ಆದರೆ ಬದುವಿನ ಜಗಳದಲ್ಲಿ ಒಳಗೆ ಬಂದ ಬೆಟ್ಟದಪುರದ ಲಿಂಗರಾಜುವಿನ ಎದುರು ಕೂತರೆ ಅವಳ ಬುದ್ಧಿಯೇ ನೆಟ್ಟಗಿರುತ್ತಿರಲಿಲ್ಲ. ಕೇಳಬೇಕಾದ್ದು ಅವನ ಕೋಪದ ವಿಚಾರ, ಕೇಳುತ್ತಿದ್ದದ್ದು "ಊಟ ಆಯ್ತಾ?" ನಾಚಿಕೆಯಿಲ್ಲದೆ ಗುರುವಾರಕ್ಕೆಂದೇ ಮುಡಿಗೆ ಮಲ್ಲಿಗೆ ಬೇರೆ!

ಅವನ ಬಿಡುಗಡೆಯ ದಿನ ಗೇಟಿನಲ್ಲಿ ಅಂದೇಬಿಟ್ಟಳು: "ಹೋಗಿ ಬನ್ನಿ."

ಕಾವಲಿನವನು ಹಣೆ ಚಚ್ಚಿಕೊಂಡ. ಲಿಂಗರಾಜು ನಕ್ಕ: "ಯಾವ್ ಕೇಸಲ್ಲಿ ಬರ್ಲಿ ಮೇಡಮ್ಮೋರೆ?"

ಮನೆ ಮುಟ್ಟುವವರೆಗೂ ವಾಣಿಶ್ರೀ ಬಸ್ಸಿನಲ್ಲಿ ಸಣ್ಣದೊಂದು ಕೇಸು ಹುಡುಕುತ್ತಲೇ ಇದ್ದಳು.