ಗೇಟು ದಾಟಿ ಬಂದ ತಂಬಿಟ್ಟು

ದೆವ್ವ, ಗಾಳಿ, ಪವಾಡ ಎಂದು ಯಾರಾದರೂ ಮಾತು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹೇಳುವವರ ಮೇಲೆ ಸಿಟ್ಟೇ ಬರುತ್ತಿತ್ತು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಡೆದದ್ದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನನ್ನ ಸಿಟ್ಟನ್ನಾದರೂ ನಂಬಿ, ಅದು ಇನ್ನೂ ಆರಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಚಿತ್ರದುರ್ಗದಿಂದ ಬಂದಿದ್ದಳು. ಅವಳಿಗೆ ನೀರು, ಹಕ್ಕಿ, ಮರ ಎಂದರೆ ಪ್ರಾಣ. ಹೆಬ್ಬಾಳದಿಂದ ಯಲಹಂಕದವರೆಗೆ ಇರುವ ಕೆರೆಗಳನ್ನೆಲ್ಲ ತೋರಿಸುತ್ತೇನೆ ಎಂದು ನಾನೇ ಕೊಚ್ಚಿಕೊಂಡಿದ್ದೆ. ತೋರಿಸಿದ್ದು ಏನನ್ನು? ಬರೀ ಬೋರ್ಡುಗಳನ್ನು. ಒಂದು ಕಡೆ ಹುಲ್ಲಿನ ಮೇಲೆ ಕೂರಬಾರದು, ಇನ್ನೊಂದು ಕಡೆ ಕ್ಯಾಮೆರಾ ತರಬಾರದು. ಮತ್ತೊಂದು ಕಡೆ ನಾವು ಹೋದ ಹೊತ್ತಿಗೆ ಗೇಟು ಹಾಕಿತ್ತು; ಮಧ್ಯಾಹ್ನ ಹಕ್ಕಿ ನೋಡುವುದಕ್ಕೆ ಅನುಮತಿ ಇಲ್ಲವಂತೆ. ಊರ ಚರಂಡಿಯ ನೀರು ಮಾತ್ರ ಯಾರ ಅನುಮತಿಯನ್ನೂ ಕೇಳದೆ ಕೆರೆಯೊಳಕ್ಕೆ ಹರಿಯುತ್ತಿತ್ತು. ಅದನ್ನು ತಡೆಯಲು ಒಬ್ಬ ಕಾವಲುಗಾರನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೇಗ ಹೊರಟೆವು. ಜಕ್ಕೂರಿನ ಆಚೆಗಿನ ಒಂದು ಕೆರೆ, ಹೆಸರು ಬೇಡ. ಅಕ್ಕನಿಗೆ ಸಕ್ಕರೆ ಕಾಯಿಲೆ. ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ, ಚುಚ್ಚಿಕೊಂಡ ಮೇಲೆ ತಡ ಮಾಡದೆ ತಿನ್ನಬೇಕು. ಕೆರೆ ದಂಡೆಯ ಮೇಲೆ ಕೂತು ತಿನ್ನುವ ಆಸೆಯಿಂದ ಅವಳು ಕಾರಿನಲ್ಲೇ ಚುಚ್ಚಿಕೊಂಡು ಚಪಾತಿ ಡಬ್ಬಿ ಹಿಡಿದು ಇಳಿದಳು. ಗೇಟಿನಲ್ಲಿ ಕಾವಲುಗಾರ ಬ್ಯಾಗು ಬಿಚ್ಚಿಸಿದ.

"ತಿಂಡಿ ಒಳಗೆ ಬಿಡಂಗಿಲ್ಲ ಸಾರ್. ಇಲ್ಲೇ ಇಟ್ಟೋಗಿ, ವಾಪಸ್ ಬರ್ತಾ ತಗೊಳ್ಳಿ."

"ಇವ್ರಿಗೆ ಶುಗರ್ ಇದೆ ಕಣ್ರೀ, ಟೈಮಿಗೆ ತಿನ್ಬೇಕು," ಎಂದೆ.

"ರೂಲ್ಸು ಸಾರ್. ನನ್ ಕೆಲ್ಸ ಹೋಗತ್ತೆ."

ಡಬ್ಬಿಯ ತಳದಲ್ಲಿದ್ದ ಕಲ್ಲುಸಕ್ಕರೆ ಪೊಟ್ಟಣವನ್ನೂ ಬಿಡಲಿಲ್ಲ. ನನ್ನ ದನಿ ಏರಿತು. ಅಕ್ಕನೇ ನನ್ನ ತೋಳು ಹಿಡಿದು, "ಬಿಡೋ, ಬೆಳಗ್ಗೆ ಬೆಳಗ್ಗೆ ಜಗಳ ಯಾಕೆ? ಆ ಏರಿ ತನಕ ಹೋಗಿ ಬಂದ್ಬಿಡೋಣ," ಎಂದಳು.

ಏರಿಯ ಮೇಲಿಂದ ಹೆಜ್ಜಾರ್ಲೆ ಹಕ್ಕಿಗಳು ಕಂಡವು. ಅವುಗಳ ಹಿಂದೆಯೇ ಅವಳು ಮುಂದೆ ಮುಂದೆ ಹೋದಳು. ಕೋಡಿ ದಾಟಿದೆವು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ ಅದು; ಹಾಗೆ ಹರಿದರೆ ಕೋಡಿ ಬಿತ್ತು ಎನ್ನುತ್ತಾರೆ. ಅವತ್ತು ಅದರ ಕಲ್ಲುಗಳು ಒಣಗಿ ಬಿಳುಚಿಕೊಂಡಿದ್ದವು, ನೀರು ಬಹಳ ಕೆಳಗಿತ್ತು. ವಾಕಿಂಗಿನವರು ಅಷ್ಟು ದೂರ ಬರುವುದಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಅಕ್ಕ ನಿಂತುಬಿಟ್ಟಳು. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ನನ್ನ ಹೆಸರು ಬಿಟ್ಟು ತೀರಿಹೋದ ನಮ್ಮ ಅಣ್ಣನ ಹೆಸರು ಕರೆದಳು. ನಾಲಿಗೆ ತೊದಲುತ್ತಿತ್ತು. ಅವಳನ್ನು ನೆಲಕ್ಕೆ ಕೂರಿಸಿದೆ.

ಪಕ್ಕದಲ್ಲೇ ಹಿಂದಿನ ಗೇಟು ಇತ್ತು, ಸರಪಳಿ ಸುತ್ತಿ ಬೀಗ ಜಡಿದಿದ್ದರು. ಬೇಲಿಯಾಚೆ ರಸ್ತೆ, ರಸ್ತೆಯಾಚೆ ಒಂದು ದರ್ಶಿನಿ. ಕಾಫಿಯ ವಾಸನೆ ಬರುತ್ತಿತ್ತು! ಎರಡಾಳೆತ್ತರದ ಬೇಲಿ, ಮೇಲೆ ಭರ್ಚಿಯಂಥ ಮೊನೆಗಳು. ಕೂಗಿದೆ; ವಾಹನಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಗೇಟಿನ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅದು ಚಾಲ್ತಿಯಲ್ಲೇ ಇಲ್ಲ. ಅಕ್ಕನನ್ನು ಏರಿಯ ಮೇಲೆ ಒಂಟಿಯಾಗಿ ಬಿಟ್ಟು ಓಡಲೇ, ಕೂರಲೇ? ಅವಳ ಕಣ್ಣು ಮುಚ್ಚುತ್ತಿತ್ತು. ನನ್ನ ಒಡಹುಟ್ಟಿದವರಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಒಂದು ಚೂರು ಬೆಲ್ಲ ಸಿಗದೆ, ಹೋಟೆಲಿನ ಎದುರಿಗೆ ಸಾಯುತ್ತಾಳಲ್ಲ ಎಂದು ಗೇಟಿಗೆ ಒದ್ದೆ, ಅತ್ತೆ.

ತಿರುಗಿದಾಗ ಕೋಡಿಯ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ನಡುವಯಸ್ಸು, ಹಸಿರು ಸೀರೆ, ಒದ್ದೆ ಕೂದಲು. ಕೈಯಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ತಂಬಿಟ್ಟಿನ ಆರತಿ. ಈ ಕಡೆಯ ಹಳ್ಳಿಗಳಲ್ಲಿ ಅಕ್ಕಿಹಿಟ್ಟು ಬೆಲ್ಲ ಕಲಸಿ ಉಂಡೆ ಮಾಡಿ, ನಡುವೆ ಗುಳಿ ಒತ್ತಿ, ತುಪ್ಪದ ಬತ್ತಿ ಹಚ್ಚಿ ಬೆಳಗುತ್ತಾರೆ. ಆಮೇಲೆ ಆ ಉಂಡೆಯೇ ಪ್ರಸಾದ. ದೀಪ ಉರಿಯುತ್ತಿತ್ತು.

ಅವಳು ನನ್ನನ್ನು ನೋಡಲೇ ಇಲ್ಲ. ನೇರ ಅಕ್ಕನ ಪಕ್ಕ ಕೂತು, "ಯಾಕವ್ವಾ, ಇಂಗ್ ಬೆವರ್ತಿದ್ದೀಯಾ?" ಎಂದಳು. ಹೂವಿನಿಂದ ದೀಪ ಶಾಂತ ಮಾಡಿ, ತಂಬಿಟ್ಟು ಮುರಿದು ಅಕ್ಕನ ಬಾಯಿಗಿಟ್ಟಳು. "ಗಂಗಮ್ಮನ ಆರತಿ ಕಣವ್ವ. ಕೋಡಿ ಬಿತ್ತಲ್ಲ. ಮೆಲ್ಲಗೆ ತಿನ್ನು."

ಉಳಿದ ಚೂರನ್ನು ನನ್ನ ಕೈಗಿತ್ತಳು, ಅದು ಬೆಚ್ಚಗಿತ್ತು. ನಾನೂ ತಿನ್ನಿಸಿದೆ. ಸ್ವಲ್ಪ ಹೊತ್ತಿಗೆ ಅಕ್ಕನ ಕಣ್ಣು ತಿಳಿಯಾಯಿತು. "ಏಲಕ್ಕಿ ಹಾಕವ್ರೆ," ಎಂದಳು. ನನಗೆ ಅಳು ಬಂತು. ಕೈಮುಗಿಯಲು ತಿರುಗಿದರೆ ಹೆಂಗಸು ಇಲ್ಲ. ಮರೆಗೆ ಒಂದು ಮರವೂ ಇಲ್ಲದ ನೇರ ಏರಿ ಅದು.

ಅಕ್ಕನನ್ನು ನಡೆಸಿಕೊಂಡು ಹೊರಟೆ. ಕೋಡಿಯ ಕಲ್ಲು ಆಗಲೂ ಒಣಗಿಯೇ ಇತ್ತು. ಗೇಟಿಗೆ ಬಂದು ಕಾವಲುಗಾರನ ಮೇಲೆ ಹರಿಹಾಯ್ದೆ. "ಊರವರು ಆರತಿ ತಟ್ಟೆ ತಂದ್ರೆ ಬಿಡ್ತೀಯ, ನಮ್ಮ ಚಪಾತಿ ಬಿಡಲ್ವಾ?" ಎಂದು ಕೇಳಿದೆ.

ಅವನು ಪಿಳಿಪಿಳಿ ನೋಡಿದ. "ಯಾವ ಆರತಿ ಸಾರ್? ಇಲ್ಲಿ ಬೆಂಕಿಪೊಟ್ನನೂ ಬಿಡಲ್ಲ. ನನ್ ಮಕ್ಳಾಣೆಗೂ ಯಾರೂ ತಂದಿಲ್ಲ."

ಗೇಟಿನ ಮೇಲೆ ಒಂದು ಕ್ಯಾಮೆರಾ ಇದೆ. ಅದು ಕೆಟ್ಟು ಎಷ್ಟೋ ಕಾಲವಾಗಿತ್ತಂತೆ.

ಅಕ್ಕ ಊರಿಗೆ ಹೋದ ಮೇಲೆ ಕೆರೆಯ ಪಕ್ಕದ ಹಳೇ ಊರಿಗೆ ಹೋಗಿ ವಿಚಾರಿಸಿದೆ. ಒಂದು ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದ, ಈಗ ಅದೇ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿರುವ ಮುನಿಯಪ್ಪನವರು ಎಂಬ ಹಿರಿಯರು ಸಿಕ್ಕರು. ಹೆಂಗಸಿನ ಚಹರೆ ಹೇಳಿದೆ. "ಆ ತರ ಯಾರೂ ಇಲ್ವಲ್ಲ," ಎಂದರು. ಆರತಿಯ ಮಾತು ಎತ್ತುತ್ತಲೇ ಅವರ ಮುಖ ಕೆಂಪಾಯಿತು.

"ಎಲ್ಲಿ ಆರತಿ ಸ್ವಾಮಿ? ಬೇಲಿ ಆಕಿದ್ ವರ್ಸ ಕೋಡಿ ಬಿತ್ತು. ನಮ್ಮನೆ ಎಂಗಸ್ರೆಲ್ಲ ತಲೆಗ್ ನೀರಾಕ್ಕೊಂಡು, ತಂಬಿಟ್ಟು ಒತ್ಕೊಂಡು ಓದ್ರು. ಒಳಗಡೆ ಬಿಡ್ಲೇ ಇಲ್ಲ. ದೀಪ ಆರೋಗೋ ತನಕ ಗೇಟ್ ತಾವ ನಿಂತಿದ್ದು ಬಂದ್ರು. ನಮ್ ಕೆರೆಗೆ ನಾವ್ ಚೀಟಿ ತಗೊಂಡು ಓಗ್ಬೇಕಾ? ಅವತ್ತಿಂದ ಮಾಡಿಲ್ಲ."

ನಾನು ಎದ್ದು ಬಂದೆ. ಅಕ್ಕನ ಸೆರಗಿನ ಮೇಲೆ ಮಸಿ ಬೆರೆತ ತುಪ್ಪದ ಕಲೆ ಇನ್ನೂ ಇದೆ, ಎಷ್ಟು ಒಗೆದರೂ ಹೋಗಿಲ್ಲ. ಸಕ್ಕರೆ ಇಳಿದು ಮಂಕಾಗಿದ್ದವಳು ಅವಳು, ನಾನಲ್ಲ. ಹಾಗಾಗಿ ಭ್ರಮೆ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಎಲ್ಲೋ ಬೇಲಿ ಹರಿದಿರಬೇಕೆಂದು ಸುತ್ತಲೂ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ: ಅವತ್ತು ಕಾವಲುಗಾರನ ಕಣ್ಣು ತಪ್ಪಿರಬೇಕು. ಅದನ್ನು ಪರೀಕ್ಷಿಸಲು ಇವತ್ತಿಗೂ ಏನಾದರೊಂದು ಬಚ್ಚಿಟ್ಟುಕೊಂಡು ಹೋಗುತ್ತೇನೆ. ಸೀಬೆಹಣ್ಣು ಹಿಡಿದ, ಜೇಬಿನ ಕಡಲೆಬೀಜ ಹಿಡಿದ. ಮೊನ್ನೆ ಸ್ವೆಟರಿನ ಒಳಗೆ ಒಂದು ತಂಬಿಟ್ಟು ಇಟ್ಟುಕೊಂಡು ಹೋದೆ. ತಟ್ಟನೆ ಕೈ ಚಾಚಿದ.

"ನೋಡಿದ್ರಾ ಸಾರ್," ಎಂದು ನಕ್ಕ. "ನನ್ ಕಣ್ ತಪ್ಸಿ ಯಾರೂ ಒಳಗೆ ಹೋಗಕ್ಕಾಗಲ್ಲ."

ಅವನ ಮೇಲೆ ನನಗೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಒಂದೇ ಒಂದು ಸಲ, ಅವನು ಬಚ್ಚಿಟ್ಟದ್ದನ್ನು ಗಮನಿಸದೆ ನನ್ನನ್ನು ಒಳಗೆ ಬಿಟ್ಟಿದ್ದರೆ ಸಾಕಿತ್ತು.